ಬಾಲದ ಮೇಲೆ ಕುಳಿತ ವಿಮಾನ

“ಅಲ್ಲಾಡಸಬ್ಯಾಡ! ಹಂಗ ಹಿಡ್ಕೊ!” ಎಂದರು ಪಪ್ಪಾ.

“ನಾ ಎಲ್ಲೆ ಅಲ್ಲಾಡಸೇನಿ? ನೀ ಉಸಿರು ಬಿಟ್ಟಿ, ಅದಕ್ಕ ಅದು ಅಲ್ಲಾಡ್ತು,” ಎಂದಳು ಹರ್ಷದಾ.

ಅವಳು ಎರಡು ಬೆರಳುಗಳಲ್ಲಿ ವಿಮಾನದ ಬಾಲವನ್ನು ಹಿಡಿದು ನಿಂತಿದ್ದಳು. ಫೆವಿಕಾಲ್ ಒಣಗುವವರೆಗೆ ಬಿಡುವಂತಿರಲಿಲ್ಲ. ಸರಿಯಾಗಿ ಆಗಲೇ ಅವಳ ಮೂಗು ತುರಿಸತೊಡಗಿತು. ಕೈ ಖಾಲಿ ಇದ್ದಾಗ ಈ ಮೂಗು ಎಂದೂ ತುರಿಸುವುದಿಲ್ಲ! ಹರ್ಷದಾ ಮೆಲ್ಲಗೆ ಮೂಗನ್ನು ಭುಜಕ್ಕೆ ಉಜ್ಜಿಕೊಂಡಳು.

“ನೋಡು, ನೋಡು, ಮತ್ತ ಅಲ್ಲಾಡ್ತು!” ಎಂದು ಪಪ್ಪಾ ಕೂಗಿದರು.

ಅವರ ಮನೆಯ ಊಟದ ಟೇಬಲ್ಲಿನ ಮೇಲೆ ಯಾರೂ ಊಟ ಮಾಡದೆ ವಾರವಾಗಿತ್ತು. ಅದರ ತುಂಬ ಕಾಗದದ ತುಂಡುಗಳು, ಕತ್ತರಿ, ಕಟರ್, ಸ್ಕೇಲ್, ಹಲ್ಲುಕಡ್ಡಿಗಳು. ನಡುವೆ ಬೂದುಬಣ್ಣದ ದಪ್ಪ ಕಾಗದದ ಸುಖೋಯ್ ಜೆಟ್ ವಿಮಾನ. ಅರ್ಧ ಆಗಿತ್ತು, ಇನ್ನರ್ಧ ಆಗಬೇಕಿತ್ತು. ಎಲ್ಲರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ಕುಳಿತು ಉಣ್ಣುತ್ತಿದ್ದರು.

ಇದಕ್ಕೆಲ್ಲ ಕಾರಣ ಹರ್ಷದಾಳ ಶಾಲೆ. “ಕಾಗದದಿಂದ ಏನಾದರೂ ಮಾಡಿ ತನ್ನಿ. ಸ್ವತಃ ನೀವೇ ಮಾಡಬೇಕು. ಸೋಮವಾರ ಎಲ್ಲರ ಮುಂದೆ ನಿಂತು ಹೇಗೆ ಮಾಡಿದಿರಿ ಅಂತ ಹೇಳಬೇಕು. ಉಳಿದವರು ಪ್ರಶ್ನೆ ಕೇಳುತ್ತಾರೆ,” ಎಂದು ಐದನೆಯ ಕ್ಲಾಸಿನ ಮ್ಯಾಡಮ್ ಹೇಳಿದ್ದರು. ಹರ್ಷದಾ ಯೋಚನೆಯನ್ನೇ ಮಾಡಲಿಲ್ಲ. ಅವರ ಮನೆ ಪುಣೆಯ ವಿಶ್ರಾಂತವಾಡಿಯಲ್ಲಿ. ಬೆಳಿಗ್ಗೆ ಲೋಹಗಾಂವದ ವಾಯುಪಡೆಯ ನೆಲೆಯಿಂದ ಸುಖೋಯ್ ಎದ್ದರೆ ಶಾಲೆಯ ಕಿಟಕಿಯ ಗಾಜು ಗಡಗಡ ನಡುಗುತ್ತದೆ. ಮ್ಯಾಡಮ್ ಅರ್ಧ ವಾಕ್ಯಕ್ಕೇ ನಿಂತು, ಸದ್ದು ಹೋದ ಮೇಲೆ ಉಳಿದರ್ಧ ಹೇಳುತ್ತಾರೆ. ಪಾಠವನ್ನೇ ನಿಲ್ಲಿಸುವ ವಿಮಾನವನ್ನು ಬಿಟ್ಟು ಬೇರೆ ಏನನ್ನು ಮಾಡುವುದು?

ಇಂಟರ್ನೆಟ್ಟಿನಲ್ಲಿ ಸುಖೋಯ್‌ನ ಭಾಗಗಳ ಚಿತ್ರಗಳು ಸಿಕ್ಕವು. ರೆಕ್ಕೆ, ಬಾಲ, ಮೂಗು, ಗಾಲಿ, ಎಲ್ಲವೂ ಬೇರೆ ಬೇರೆ. ಕತ್ತರಿಸಿ, ಮಡಿಸಿ, ಅಂಟಿಸಬೇಕು. “ಪಪ್ಪಾ, ಇದರ ಪ್ರಿಂಟ್ ಅಷ್ಟ ತೆಗಿಸಿಕೊಡು. ಉಳಿದದ್ದೆಲ್ಲಾ ನಾ ಮಾಡ್ತೀನಿ,” ಎಂದಿದ್ದಳು.

ಪಪ್ಪಾ ದಪ್ಪ ಕಾಗದದ ಮೇಲೆ ಪ್ರಿಂಟ್ ತೆಗೆಸಿ ತಂದರು. “ಹೆಂಗ ಮಾಡೂದು, ಒಂದು ಸ್ವಲ್ಪ ನೋಡೂಣಂತ” ಎಂದು ಕುರ್ಚಿ ಎಳೆದುಕೊಂಡು ಕುಳಿತರು. ಕುಳಿತವರು ಏಳಲೇ ಇಲ್ಲ. ಬೆರಳು ತೋರಿಸಿದರೆ ಹಸ್ತ ನುಂಗಿದರು ಅನ್ನುತ್ತಾರಲ್ಲ, ಹಾಗಾಯಿತು ಹರ್ಷದಾಳ ಪಾಡು.

“ಲೋಕ್ಯಾ,” ಎಂದು ಸೋಫಾದಿಂದ ಅಜ್ಜಿ ಕರೆದರು. ಕಾಶವ್ವಜ್ಜಿ ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಪಪ್ಪನ ಹೆಸರು ಲೋಕನಾಥ. ಕಂಪನಿಯಲ್ಲಿ ಎಲ್ಲರೂ ‘ಲೋಕನಾಥ್ ಸರ್’ ಅನ್ನುತ್ತಾರೆ. ಅವರಿಗೆ ಲೋಕ್ಯಾ ಅನ್ನುವ ಧೈರ್ಯ ಇರುವುದು ಅಜ್ಜಿಗೆ ಮಾತ್ರ. “ಸಾಲಿಗೆ ಹೋಗಾಕಿ ಆಕಿ ಏನೋ, ನೀನೋ? ಮಾರ್ಕ್ಸ್ ಯಾರಿಗೆ ಕೊಡ್ತಾರ?”

“ಮಾಡಾಕಿ ಆಕೀನ ಅದಾಳವ್ವಾ. ನಾ ಬರೇ ಹೆಲ್ಪ್ ಮಾಡಾಕತ್ತೀನಿ,” ಎಂದರು ಪಪ್ಪಾ, ತಲೆ ಎತ್ತದೆ.

ಹರ್ಷದಾಳ ಕೈಗೆ ಬಂದಿದ್ದ ಕೆಲಸ ಒಂದೇ, ಹಿಡಿದುಕೊಳ್ಳುವುದು. ಕತ್ತರಿಸಲು ಹೋದರೆ “ತಡಿ, ಗೆರಿ ತಪ್ಪತದ.” ಮಡಿಸಲು ಹೋದರೆ “ತಡಿ, ಮೊದಲ ಇಂಕ್ ತೀರಿದ ಪೆನ್ನಲೆ ಗೆರಿ ಒತ್ತಬೇಕು.” ಅಂಟು ಹಚ್ಚಲು ಹೋದರೆ “ತಡಿ, ಭಾಳಾತು.” ತಡೆದು ತಡೆದು ಅವಳಿಗೆ ಸಾಕಾಗಿತ್ತು.

“ರೀ, ಕ್ಯಾಬ್ ಬಂದು ನಿಂತದ. ಡ್ರೈವರ್ ಎರಡು ಸಲ ಫೋನ್ ಮಾಡಿದ,” ಎಂದು ಒಳಗಿನಿಂದ ಮಮ್ಮಿ ಹೇಳಿದಳು. ಆಗ ಪಪ್ಪಾ ಬೆರಳಿಗೆ ಮೆತ್ತಿದ್ದ ಫೆವಿಕಾಲನ್ನು ಪ್ಯಾಂಟಿಗೆ ಒರೆಸಿಕೊಂಡು ಹಿಂಜವಾಡಿಯ ಆಫೀಸಿಗೆ ಹೊರಟರು.

ಹಿಂಜವಾಡಿಯ ಟ್ರಾಫಿಕ್ಕನ್ನು ಪುಣೆಯಲ್ಲಿ ಬೈಯದವರಿಲ್ಲ. ಆದರೆ ಆ ಸಂಜೆ ಹರ್ಷದಾ ಅದಕ್ಕೆ ಮನಸ್ಸಿನಲ್ಲೇ ಥ್ಯಾಂಕ್ಸ್ ಹೇಳಿದಳು. ಪಪ್ಪಾ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು, ಟೇಬಲ್ ಖಾಲಿ ಇತ್ತು. ಅವಳು ಗಾಲಿಗಳನ್ನು ಮಾಡಲು ಕುಳಿತಳು. ಉದ್ದನೆಯ ಪಟ್ಟಿಯನ್ನು ಹಲ್ಲುಕಡ್ಡಿಗೆ ಬಿಗಿಯಾಗಿ ಸುತ್ತಬೇಕು. ಸುತ್ತುತ್ತಾ ಸುತ್ತುತ್ತಾ ಅದು ಗಾಲಿಯಾಗುತ್ತದೆ. ಮೊದಲನೆಯದು ಸಡಿಲಾಗಿ ಬಿಚ್ಚಿಕೊಂಡಿತು. ಎರಡನೆಯ ಸಲ ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು ಸುತ್ತಿದಳು. ಬಂತು! ಗಾಲಿಗಳು ಸ್ವಲ್ಪ ಮೊಟ್ಟೆಯ ಹಾಗೆ ಇದ್ದವು, ನಿಜ. ಆದರೆ ಉರುಳಿಸಿದರೆ ಉರುಳುತ್ತಿದ್ದವು.

ಪಪ್ಪಾ ಬಂದು ನೋಡಿ, “ಅರೆ ವಾ! ಭಾಳ ಛಂದ ಆಗ್ಯಾವ,” ಎಂದರು. ಹರ್ಷದಾ ಖುಷಿಯಲ್ಲಿ ಎರಡು ಚಪಾತಿ ಹೆಚ್ಚು ತಿಂದಳು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ವಿಮಾನಕ್ಕೆ ಗಾಲಿಗಳು ಬಂದಿದ್ದವು. ಗುಂಡಗೆ, ಅಂಗಿಯ ಗುಂಡಿಯಷ್ಟು ಗುಂಡಗೆ. ಅವು ಅವಳು ಮಾಡಿದ ಗಾಲಿಗಳಲ್ಲ. ಅವಳವು ಕಸದ ಬುಟ್ಟಿಯಲ್ಲಿ ಮೆಂತ್ಯದ ದಂಟಿನ ನಡುವೆ ಬಿದ್ದಿದ್ದವು.

“ನನ್ನ ಗಾಲಿ ಯಾಕ ಒಗದಿ?” ಎಂದು ಕೇಳಿದಳು.

“ಸ್ವಲ್ಪ ಸೊಟ್ಟ ಆಗಿದ್ದುವಲ್ಲ ಪುಟ್ಟಾ. ವಿಮಾನ ನಿಲ್ಲಬೇಕಲ್ಲ ನೆಟ್ಟಗ? ಅದಕ್ಕ ಹೊಸಾವು ಮಾಡಿದೆ.”

“ಮತ್ತ ಛಂದ ಆಗ್ಯಾವ ಅಂದಿ?”

ಪಪ್ಪಾ ಶೂ ಲೇಸ್ ಕಟ್ಟಿಕೊಳ್ಳುವುದರಲ್ಲಿ ಮುಳುಗಿದರು. ಸೊಟ್ಟ ಅಂತ ರಾತ್ರಿಯೇ ಹೇಳಿದ್ದರೆ ಹರ್ಷದಾ ಮತ್ತೊಮ್ಮೆ ಸುತ್ತುತ್ತಿದ್ದಳು. ಛಂದ ಅಂತ ಹೇಳಿ ಬುಟ್ಟಿಗೆ ಹಾಕುವುದೆಂದರೇನು? ಆ ದಿನ ಅವಳು ಪಪ್ಪನಿಗೆ ಟಾಟಾ ಮಾಡದೆ ಶಾಲೆಗೆ ಹೋದಳು.

ಶಾಲೆಯ ಬಸ್ಸಿನಲ್ಲಿ ಅವಳ ಕ್ಲಾಸಿನ ಓಂಕಾರ್ ಪಕ್ಕಕ್ಕೆ ಬಂದು ಕುಳಿತ. ಅವನು ದಿನಪತ್ರಿಕೆಯ ಸುರುಳಿಗಳಿಂದ ಕೋಟೆ ಕಟ್ಟುತ್ತಿದ್ದ. ಎಷ್ಟು ಬುರುಜು, ಎಷ್ಟು ಬಾಗಿಲು, ಯಾವ ಬುರುಜು ಬೆಕ್ಕು ಹಾರಿ ಮುರಿಯಿತು, ಎಲ್ಲವನ್ನೂ ಮರಾಠಿಯಲ್ಲಿ ಪಟಪಟ ಹೇಳಿದ. ಆಮೇಲೆ ಕೇಳಿದ, “ತುಝ್ಯಾ ವಿಮಾನಾತ ಆತ ಕಾಯ ಆಹೇ?” ನಿನ್ನ ವಿಮಾನದ ಒಳಗೆ ಏನಿದೆ ಎಂದು.

ಒಳಗೆ ಏನಿದೆ? ಬಳೆಯಂಥ ರಿಂಗ್‌ಗಳು ಇವೆ ಎಂದು ಹರ್ಷದಾಳಿಗೆ ಗೊತ್ತಿತ್ತು. ಆದರೆ ಅವನ್ನು ಹೇಗೆ ಕೂಡಿಸಿದ್ದರು, ಎಂಜಿನ್ನಿನ ಎರಡು ಕೊಳವೆಗಳು ಯಾವುದರ ಮೇಲೆ ನಿಂತಿದ್ದವು, ಒಂದೂ ಗೊತ್ತಿರಲಿಲ್ಲ. ಎಲ್ಲ ಅವಳು ಮಲಗಿದ ಮೇಲೆ, ಅವಳು ಶಾಲೆಗೆ ಹೋದ ಮೇಲೆ ಆಗಿದ್ದು. ಸೋಮವಾರ ಇದನ್ನೇ ಇಡೀ ಕ್ಲಾಸು ಕೇಳುತ್ತದೆ. ಆಗ ಮ್ಯಾಡಮ್ ಅವಳ ಮುಖ ನೋಡುತ್ತಾರೆ. ಒಂದು ಮಾತೂ ಆಡದೆ, ಬರೀ ನೋಡುತ್ತಾರೆ.

ಭಾನುವಾರ ಮಧ್ಯಾಹ್ನ ವಿಮಾನ ಮುಗಿಯಿತು. ನೋಡಲು ಎರಡು ಕಣ್ಣು ಸಾಲದು, ಹಾಗಿತ್ತು. ಸುಖೋಯ್‌ನ ಮೂಗು ನಿಜಕ್ಕೂ ಸ್ವಲ್ಪ ಕೆಳಗೆ ಬಾಗಿರುತ್ತದೆ, ಕಾಳು ಹೆಕ್ಕಲು ಬಗ್ಗಿದ ಕೋಳಿಯ ಹಾಗೆ. ಆ ಬಾಗೂ ಇದರಲ್ಲಿ ಬಂದಿತ್ತು. ಕತ್ತರಿಸಿದ ಕಾಗದದ ಬಿಳಿ ಅಂಚು ಎಲ್ಲಿಯೂ ಕಾಣದಂತೆ ಪಪ್ಪಾ ಬೂದು ಸ್ಕೆಚ್ ಪೆನ್ ಎಳೆದಿದ್ದರು. ಸಿಟ್ಟಿನಲ್ಲಿದ್ದ ಹರ್ಷದಾ ಕೂಡ ಬಗ್ಗಿ ಬಗ್ಗಿ ನೋಡಿದಳು.

ಪಪ್ಪಾ ಅದನ್ನು ಟೇಬಲ್ಲಿನ ನಡುವೆ ಮೂರು ಗಾಲಿಗಳ ಮೇಲೆ ನಿಲ್ಲಿಸಿದರು. ಆಫೀಸಿನ ಗ್ರೂಪಿಗೆ ಕಳಿಸಲು ಮೊಬೈಲ್ ತೆಗೆದರು. ವಿಮಾನದಿಂದ ಕೈ ತೆಗೆದರು.

ವಿಮಾನದ ಮೂಗು ಮೆಲ್ಲಗೆ ಮೇಲೆದ್ದಿತು. ಬಾಲ ಕೆಳಗಿಳಿಯಿತು. ಟಪ್!

ಸುಖೋಯ್ ಬಾಲದ ಮೇಲೆ ಕುಳಿತು ಸೀಲಿಂಗ್ ಫ್ಯಾನನ್ನು ನೋಡತೊಡಗಿತು.

“ಇದೇನೋ ಲೋಕ್ಯಾ! ನಾಯಿ ಕೂತಂಗ ಕೂತದಲ್ಲೋ!” ಎಂದು ಅಜ್ಜಿ ಸೆರಗು ಬಾಯಿಗೆ ಒತ್ತಿ ನಕ್ಕರು. ಭಾಜಿ-ತರಕಾರಿ ತರಲು ಹೊರಟಿದ್ದ ಮಮ್ಮಿ ಚೀಲ ಹಿಡಿದು ಬಾಗಿಲಲ್ಲೇ ನಿಂತು ನಕ್ಕಳು. ಪಪ್ಪಾ ಮತ್ತೆ ನಿಲ್ಲಿಸಿದರು, ಮತ್ತೆ ಟಪ್.

“ಹಿಂದ ಭಾಳ ವಜ್ಜಿ ಅದ,” ಎಂದಳು ಹರ್ಷದಾ, ಬಾಲದ ಭಾರವನ್ನು ಬೆರಳಿನಿಂದ ಎತ್ತಿ ನೋಡಿ. “ಎಂಜಿನ್ನಿನ್ಯಾಗ ಏನು ತುಂಬಿ ಪಪ್ಪಾ?”

ಪಪ್ಪಾ ತಲೆ ಕೆರೆದುಕೊಂಡರು. ಕಂಪನಿಯಲ್ಲಿ ಪ್ರಮೋಷನ್ ಆದಾಗ ಅವರ ಹಳೆಯ ವಿಸಿಟಿಂಗ್ ಕಾರ್ಡುಗಳು ಒಂದು ಡಬ್ಬಿ ತುಂಬ ಹಾಗೇ ಉಳಿದಿದ್ದವು. ಗಟ್ಟಿ ಇರಲಿ ಎಂದು ಎಂಜಿನ್ನಿನ ಕೊಳವೆಗಳ ಒಳಗೆ ಅವನ್ನೇ ಒಂದರ ಮೇಲೊಂದು ಅಂಟಿಸಿದ್ದರು.

“ಹಂಗಾರ ಮೂಗಿನ್ಯಾಗೂ ಏನರ ವಜ್ಜಿ ಹಾಕೂಣು. ಮೂಗು ಕೊಯ್ದು...”

“ಮೂಗು ಮುಟ್ಟಬ್ಯಾಡ!” ಪಪ್ಪಾ ಎಷ್ಟು ಜೋರಾಗಿ ಹೇಳಿದರೆಂದರೆ ಅವರಿಗೇ ನಾಚಿಕೆಯಾಯಿತು. ದನಿ ಇಳಿಸಿ, “ಅದು ಭಾಳ ಪರ್ಫೆಕ್ಟ್ ಕೂತದವಾ. ಬಾಲಕ್ಕ ಒಂದು ಕಡ್ಡಿ ಊರಿ ನಿಲ್ಲಸೂಣು, ಆತಲ್ಲ?” ಎಂದರು.

ಸುಖೋಯ್‌ಗೆ ಊರುಗೋಲು! ಕ್ಲಾಸಿನಲ್ಲಿ ಒಬ್ಬರಾದರೂ ನಗದೆ ಬಿಡುತ್ತಾರೆಯೇ? ಹರ್ಷದಾ ಅದನ್ನು ಹೇಳಬೇಕೆನ್ನುವಷ್ಟರಲ್ಲಿ ಪಪ್ಪನ ಫೋನು ರಿಂಗಾಯಿತು. ಆಫೀಸಿನಲ್ಲಿ ಯಾವುದೋ ಸಿಸ್ಟಮ್ ಬಂದ್ ಆಗಿತ್ತು. ಭಾನುವಾರವಾದರೂ ಕ್ಯಾಬ್ ಬಂತು. “ನಾ ಬರೂತನಕ ಹಂಗ ಇರಲಿ,” ಎಂದು ಹೇಳಿ ಪಪ್ಪಾ ಓಡಿದರು. ಮಮ್ಮಿಯೂ ಭಾಜಿಗೆ ಹೋದಳು.

ಹರ್ಷದಾ ಗಲ್ಲಕ್ಕೆ ಕೈಯಿಟ್ಟು ವಿಮಾನದ ಮುಂದೆ ಕುಳಿತಳು. ವಿಮಾನ ಫ್ಯಾನ್ ನೋಡುತ್ತಾ ಕುಳಿತಿತ್ತು.

ಅವಳು ಎದ್ದು ಡ್ರಾಯರ್ ತೆಗೆದಳು. ಮಮ್ಮಿ ಯಾವುದನ್ನೂ ಎಸೆಯುವವಳಲ್ಲ. ಗಡಿಯಾರದ ತೀರಿದ ಸೆಲ್ಲುಗಳು ಕೂಡ ಅಲ್ಲಿದ್ದವು. ಒಂದು ಸೆಲ್ಲಿಗೆ ದಾರ ಕಟ್ಟಿ ವಿಮಾನದ ಮೂಗಿಗೆ ತೂಗುಹಾಕಿದಳು. ಬಾಲ ಸ್ವಲ್ಪ ಎದ್ದು, ಹೌದೋ ಅಲ್ಲವೋ ಎಂದು ಯೋಚಿಸಿ, ಮತ್ತೆ ಕುಳಿತಿತು. ಇನ್ನೊಂದು ಸೆಲ್ ಕಟ್ಟಿದಳು. ಮೂಗು ಕೆಳಗಿಳಿಯಿತು. ಮೂರೂ ಗಾಲಿಗಳು ಟೇಬಲ್ಲಿಗೆ ತಾಕಿದವು. ಊದಿದರೂ ಏಳಲಿಲ್ಲ.

“ಅಜ್ಜಿ! ನೋಡಿಲ್ಲೆ, ನಿಂತ್ತು!”

“ನಿಂತ್ತಲ್ಲವಾ! ಆದ್ರ ಮೂಗಿಗೆ ಬುಲಾಕ ಹಾಕಿದಂಗ ಕಾಣಾಕತ್ತದ,” ಎಂದರು ಅಜ್ಜಿ.

ಸೆಲ್ಲುಗಳು ಒಳಗೆ ಹೋಗಬೇಕು. ಒಳಗೆ ಹೋಗಬೇಕೆಂದರೆ ಮೂಗು ಕೊಯ್ಯಬೇಕು. ಹರ್ಷದಾ ಕಟರ್ ಹಿಡಿದುಕೊಂಡಳು, ಕೆಳಗಿಟ್ಟಳು, ಮತ್ತೆ ಹಿಡಿದುಕೊಂಡಳು. ಕೆಟ್ಟುಹೋದರೆ? ನಾಳೆ ತೆಗೆದುಕೊಂಡು ಹೋಗಲು ಏನೂ ಇರುವುದಿಲ್ಲ. ಪಪ್ಪನ ವಾರದ ಕೆಲಸವೂ ಹಾಳು.

“ಅಜ್ಜಿ, ಕೊಯ್ಯಲೇನು?”

“ನನ್ನ ಯಾಕ ಕೇಳ್ತಿ? ನಿಂದಿದ್ರ ಕೊಯ್ಯಿ, ಅವಂದಿದ್ರ ಬಿಡು,” ಎಂದು ಅಜ್ಜಿ ಸೋಫಾದಲ್ಲಿ ಒರಗಿ ಕಣ್ಣು ಮುಚ್ಚಿದರು.

ಹರ್ಷದಾ ಸುಮಾರು ಹೊತ್ತು ಕುಳಿತಳು. ಪ್ಯಾಂಟಿಗೆ ಅಂಟು ಮೆತ್ತಿಕೊಂಡು ವಾರವಿಡೀ ಬಗ್ಗಿ ಕುಳಿತವರು ಪಪ್ಪಾ. ಆದರೆ ನಾಳೆ ಎದ್ದು ನಿಲ್ಲಬೇಕಾದವಳು ಅವಳು. ಕೊನೆಗೆ ಅವಳು ಉಸಿರು ಬಿಗಿಹಿಡಿದು ಮೂಗಿನ ಹಿಂದಿನ ಅಂಟಿನ ಗೆರೆಗೆ ಬ್ಲೇಡಿನ ತುದಿ ಇಟ್ಟಳು. ಕಾಗದ ಕರ್ರ್ ಎಂದಿತು. ಸುತ್ತಲೂ ಮೆಲ್ಲಗೆ ಎಳೆದಳು. ಮೂಗು ಕಳಚಿ ಅಂಗೈಗೆ ಬಂತು.

ಒಳಗೆ ಇಣುಕಿದಳು. ಮೊದಲು ಅವಳಿಗೆ ತಾನು ನೋಡುತ್ತಿರುವುದು ಏನೆಂದೇ ತಿಳಿಯಲಿಲ್ಲ.

ಹೊರಗೆ ಅಷ್ಟು ನುಣುಪಾಗಿದ್ದ ಮೂಗಿನ ಒಳಗೆ ಫೆವಿಕಾಲ್ ಗಂಟುಗಂಟಾಗಿ ಒಣಗಿತ್ತು. ಒಂದು ರಿಂಗ್ ಚಿಕ್ಕದಾಗಿ ಹೋಗಿ, ಅದರ ಸುತ್ತ ವಿಸಿಟಿಂಗ್ ಕಾರ್ಡಿನ ತುಂಡುಗಳನ್ನು ತೇಪೆ ಹಾಕಿ ದೊಡ್ಡದು ಮಾಡಿದ್ದರು. ಒಂದು ತೇಪೆಯ ಮೇಲೆ ‘ಲೋಕನಾ’ ಎಂಬಷ್ಟೇ ಅಕ್ಷರಗಳು ತಲೆಕೆಳಗಾಗಿದ್ದವು. ಇನ್ನೊಂದು ರಿಂಗ್ ಹರಿದಿತ್ತು. ಅದಕ್ಕೆ ಸೆಲ್ಲೋಟೇಪು, ಟೇಪಿನ ಮೇಲೆ ಟೇಪು. ಕತ್ತರಿ ಗೆರೆ ದಾಟಿದ ಕಡೆಯೆಲ್ಲ ಹಿಂದಿನಿಂದ ಪಟ್ಟಿ ಕೊಟ್ಟಿದ್ದರು. ಒಂದು ಕಡೆ ಅಂಟಿನಲ್ಲಿ ಹೆಬ್ಬೆರಳು ಹೂತುಹೋಗಿ ಅದರ ಗುರುತು ಹಾಗೇ ಉಳಿದಿತ್ತು.

ಹರ್ಷದಾ ಫಕ್ಕನೆ ನಕ್ಕಳು. ‘ತಡಿ, ಗೆರಿ ತಪ್ಪತದ’ ಅಂದವರ ಗೆರೆ ನೋಡಿ! ಆಮೇಲೆ ನಗು ತಾನಾಗಿಯೇ ನಿಂತಿತು. ಅವಳು ಆ ಟೇಪಿನ ಮೇಲೆ ಬೆರಳಾಡಿಸಿದಳು. ರಿಂಗ್‌ಗಳು ಹೇಗೆ ಕೂಡಿವೆ, ಯಾವುದರ ಹಿಂದೆ ಯಾವುದು, ಎಲ್ಲವನ್ನೂ ಎಣಿಸಿ ನೋಡಿದಳು.

ಸೆಲ್ಲುಗಳಿಗೆ ಹತ್ತಿ ಸುತ್ತಿ ಮೂಗಿನ ತುದಿಗೆ ತುರುಕಿದಳು. ಅಲುಗಾಡದಂತೆ ರಟ್ಟಿನ ಅಡ್ಡಪಟ್ಟಿ ಕೊಟ್ಟಳು. ಅಂಟು ಹಚ್ಚಿ ಮೂಗನ್ನು ಒತ್ತಿ ಹಿಡಿದು ಕುಳಿತಳು. ಕೈ ಜೋಮು ಹಿಡಿದರೂ ಬಿಡಲಿಲ್ಲ. ಬಿಟ್ಟಾಗ ವಿಮಾನ ಮೂರು ಗಾಲಿಗಳ ಮೇಲೆ ಗಟ್ಟಿಯಾಗಿ ನಿಂತಿತು.

ಆದರೆ ಕೂಡಿಸಿದ ಗೆರೆ ಸೊಟ್ಟವಾಗಿತ್ತು. ಒಂದು ಕಡೆ ಜೋಳದ ಕಾಳಿನಷ್ಟು ತಪ್ಪಿತ್ತು. ಸ್ಕೆಚ್ ಪೆನ್ ಹಚ್ಚಿದರೆ ಇನ್ನೂ ಎದ್ದು ಕಂಡಿತು.

ಸಂಜೆ ಪಪ್ಪಾ ಬಂದರು. ಬಾಗಿಲಲ್ಲೇ ಅವರ ಕಣ್ಣು ಟೇಬಲ್ಲಿನ ಮೇಲೆ ಹೋಯಿತು. ಬ್ಯಾಗ್ ಹೆಗಲಲ್ಲೇ ಇಟ್ಟುಕೊಂಡು ಬಂದು, ಮಂಡಿಯೂರಿ, ವಿಮಾನದ ಎತ್ತರಕ್ಕೆ ಕಣ್ಣು ತಂದು ನೋಡಿದರು. ಬೆರಳು ಸೊಟ್ಟ ಗೆರೆಯ ಮೇಲೆ ಹೋಗಿ ನಿಂತಿತು.

ಹರ್ಷದಾ ಗೋಡೆಗೆ ಒರಗಿ ನಿಂತಿದ್ದಳು. ಅವಳು ಉತ್ತರ ತಯಾರು ಮಾಡಿಕೊಂಡಿದ್ದಳು. ಸೊಟ್ಟ ಅಂತ ಒಂದು ಮಾತು ಬರಲಿ, ಗಾಲಿಯ ಲೆಕ್ಕ, ತಡಿ ತಡಿ ಅಂದ ಲೆಕ್ಕ, ಎಲ್ಲ ಒಟ್ಟಿಗೆ ಹೇಳಿಬಿಡಬೇಕು.

ಪಪ್ಪಾ ಸೊಟ್ಟ ಅನ್ನಲಿಲ್ಲ. “ಒಳಗ... ನೋಡಿದೇನು?” ಎಂದು ಕೇಳಿದರು.

“ಹೂಂ.”

“ಎಲ್ಲಾ?”

“ಟೇಪು, ಕಾರ್ಡಿನ ತುಂಡು, ಎಲ್ಲಾ.”

ಪಪ್ಪನ ಕಿವಿ ಕೆಂಪಾದವು. ಅವರು ಕಳ್ಳನ ಹಾಗೆ ಸೋಫಾದ ಕಡೆ ನೋಡಿ ಪಿಸುಗುಟ್ಟಿದರು. “ಅಜ್ಜಿ ನೋಡಿದಳೇನು?”

“ಅಜ್ಜಿ ನಿದ್ದಿ ಮಾಡಾಕತ್ತಿದ್ದಳು.”

ಪಪ್ಪಾ ನೆಲದ ಮೇಲೆಯೇ ಕುಳಿತರು. “ಆ ರಿಂಗ್ ಏನು ಮಾಡಿದ್ರೂ ಬರಲೇ ಇಲ್ಲವಾ. ಕೊಯ್ದಾಗೊಮ್ಮೆ ಕೆಡ್ತಿತ್ತು. ನನಗ ಎಲ್ಲಾ ಬರ್ತದ ಅಂತ ನಿನಗ ತಡಿ ತಡಿ ಅಂದಿದ್ದೆ...”

ಹರ್ಷದಾ ಪಪ್ಪನನ್ನು ನೋಡಿದಳು. ಮ್ಯಾಡಮ್ ಅವಳ ಗಣಿತದ ನೋಟ್‌ಬುಕ್ ತೆರೆದಾಗ ಅವಳ ಕಿವಿಯೂ ಹೀಗೇ ಬಿಸಿಯಾಗುತ್ತದೆ. ತಯಾರು ಮಾಡಿಟ್ಟುಕೊಂಡಿದ್ದ ಸಿಟ್ಟಿನ ಮಾತುಗಳಲ್ಲಿ ಒಂದೂ ಈಗ ನಾಲಿಗೆಗೆ ಬರಲಿಲ್ಲ.

“ನಾಳೆ ನಾವಿಬ್ಬರೂ ಮಾಡೇವಿ ಅಂತ ಹೇಳ್ತೀನಿ ಪಪ್ಪಾ. ಎಂಜಿನ್ ನೀ ಮಾಡಿದಿ, ಮೂಗು ಕೊಯ್ದು ವಜ್ಜಿ ಹಾಕಿದ್ದು ನಾನು. ಮಾರ್ಕ್ಸ್ ಕಡಿಮಿ ಕೊಟ್ರ ಕೊಡ್ಲಿ.”

“ಹೇಳು, ಖರೇ ಅದ,” ಎಂದರು ಪಪ್ಪಾ. ಸ್ವಲ್ಪ ತಡೆದು, “ಟೇಪಿಂದೂ ಹೇಳ್ತೀಯೇನು?”

“ಟೇಪಿಂದು ಯಾಕ ಹೇಳ್ಲಿ?”

ಪಪ್ಪಾ ನಿರಾಳವಾಗಿ ಉಸಿರು ಬಿಟ್ಟು ಎದ್ದರು. ಏಳುವಾಗ ಅವರ ಕೈ ತಾನಾಗಿಯೇ ವಿಮಾನದ ಮೂಗಿನ ಕಡೆ ಹೋಯಿತು, ಆ ಸೊಟ್ಟ ಗೆರೆಯ ಕಡೆ. ಅರ್ಧ ದಾರಿಯಲ್ಲಿ ನಿಂತಿತು. ಪಪ್ಪಾ ಕೈಯನ್ನು ಹಿಂದೆ ತಂದು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಜೇಬಿನೊಳಗೆ ಬೆರಳುಗಳು ಸುಮ್ಮನಿರದೆ ಆಡುತ್ತಿದ್ದುದು ಬಟ್ಟೆಯ ಮೇಲಿನಿಂದಲೇ ಕಾಣುತ್ತಿತ್ತು. ಆ ಕೈಯನ್ನು ಅಲ್ಲಿ ಇಟ್ಟುಕೊಳ್ಳಲು ಪಪ್ಪನಿಗೆ ಎಷ್ಟು ಕಷ್ಟವಾಗುತ್ತಿದೆ ಎಂದು ಹರ್ಷದಾಳಿಗೆ ಗೊತ್ತಾಯಿತು.

ಅವಳು ವಿಮಾನವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಎಡಗಡೆಯ ರೆಕ್ಕೆಯ ತುದಿಯಲ್ಲಿ ಅಂಟು ಒಂದು ಎಳೆಯಷ್ಟು ಬಿಟ್ಟಿತ್ತು. ಬಿಟ್ಟಿತ್ತು ಅಂದರೆ ಬಿಟ್ಟಿತ್ತು, ಇಲ್ಲವೆಂದರೆ ಇಲ್ಲ.

“ಪಪ್ಪಾ, ಈ ರೆಕ್ಕಿ ಸ್ವಲ್ಪ ಬಿಟ್ಟಂಗ ಕಾಣ್ತದ. ಅಂಟು ಹಚ್ಚಿ ಕೊಡ್ತೀಯೇನು?”

ಪಪ್ಪಾ ಬ್ಯಾಗನ್ನೂ ಇಳಿಸದೆ ಕೈ ತೊಳೆದುಕೊಳ್ಳಲು ಓಡಿದರು.